ಹಿನ್ನೀರಿನ ದಡದಲ್ಲಿ ಒಂದು ರಾತ್ರಿ: ಡೇರೆ ಹಾಕುವ ಮುನ್ನ

ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಒಂದು ಪಠ್ಯಪುಸ್ತಕದ್ದಲ್ಲ. "ಸರ್, ಪರೀಕ್ಷೆ ಮುಗಿದ ಮೇಲೆ ನಾವು ಐದಾರು ಮಂದಿ ಹಿನ್ನೀರಿನ ಹತ್ತಿರ ಟೆಂಟ್ ಹಾಕಿ ಒಂದು ರಾತ್ರಿ ಇರೋಣ ಅಂತಿದ್ದೇವೆ. ನೀವು ಹೋಗಿದ್ದೀರಂತಲ್ಲ, ಏನೇನು ಬೇಕಾಗುತ್ತೆ?" ಎಂದು ಕೇಳುತ್ತಾರೆ. ಕೇಳುವವರ ಕಣ್ಣಿನಲ್ಲಿ ಉತ್ಸಾಹ ತುಂಬಿರುತ್ತದೆ. ಬೇಡ ಎಂದರೆ ಹೇಳದೆ ಹೋಗುತ್ತಾರೆ, ಹೋಗಿ ಎಂದರೆ ಮುಂದಿನದ್ದಕ್ಕೆಲ್ಲ ನಾನೂ ಹೊಣೆ. ಆದ್ದರಿಂದ ಕಾರಿಡಾರಿನಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೇರೆಯ ವಾಸ ನಮಗೆ ಹೊಸದೇನಲ್ಲ. ಕುರಿ ಮಂದೆಯೊಂದಿಗೆ ಊರೂರು ಅಲೆಯುವವರು ಇಂದಿಗೂ ಹೊಲದಲ್ಲಿ ಗುಡಾರ ಹಾಕಿ ಮಲಗುತ್ತಾರೆ. ಸರ್ಕಸ್ಸು, ಟೂರಿಂಗ್ ಟಾಕೀಸುಗಳು ನಡೆದದ್ದೂ ಡೇರೆಯಲ್ಲೇ. ಆದರೆ ಅವರೆಲ್ಲ ದುಡಿಮೆಗಾಗಿ ಡೇರೆಯಲ್ಲಿದ್ದವರು. ಮನೆ ಇದ್ದವರು ಸಂತೋಷಕ್ಕಾಗಿ, ಕಲಿಕೆಗಾಗಿ ಡೇರೆಗೆ ಹೋಗುವ ಪದ್ಧತಿ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಹಳೆಯದು. ಇಂಗ್ಲೆಂಡಿನಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ ಸೈಕಲ್ಲಿನ ಮೇಲೆ ಒಯ್ಯಬಹುದಾದ ಹಗುರ ಡೇರೆ ಹೊಲಿದು, 1901ರಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘ ಕಟ್ಟಿದರು. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಹುಡುಗರ ಒಂದು ಪ್ರಯೋಗ ಶಿಬಿರ ನಡೆಸಿದರು. ಸ್ಕೌಟ್ ಚಳವಳಿ ಹುಟ್ಟಿದ್ದು ಅಲ್ಲಿಂದ. ನಮ್ಮ ಸ್ಕೌಟ್, ಗೈಡ್ ಶಿಬಿರಗಳ ಬೇರು ಅಲ್ಲಿದೆ. ಅಂದು ಅಲ್ಲಿ ಕಲಿಸಿದ್ದು ನೀರಿನಲ್ಲಿ ಹೇಗೆ ಸುರಕ್ಷಿತವಾಗಿರಬೇಕು, ಅಡುಗೆ ಹೇಗೆ ಮಾಡಬೇಕು, ಸುತ್ತಲಿನದನ್ನು ಹೇಗೆ ಗಮನಿಸಬೇಕು ಎಂಬುದನ್ನು. ಇಂದಿಗೂ ಡೇರೆಗೆ ಹೋಗುವವರು ಕಲಿಯಬೇಕಾದದ್ದು ಬಹುಮಟ್ಟಿಗೆ ಅದೇ.

ಜಾಗ ಯಾರದು?

ನನಗೆ ಚೆನ್ನಾಗಿ ಪರಿಚಯವಿರುವ ಜಾಗ ಶರಾವತಿ ಹಿನ್ನೀರು. ಆದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವ ಈ ಜಲಾಶಯ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳಲ್ಲೆಲ್ಲ ಕೈಚಾಚಿ ಹರಡಿದೆ. ಸಾಗರದಿಂದ ಜೋಗದ ದಾರಿಯಲ್ಲಿ ತಾಳಗುಪ್ಪದ ಹತ್ತಿರ ತಿರುಗಿ ಒಳಗೆ ಹೋದರೆ ಹೊನ್ನೇಮರಡು ಸಿಗುತ್ತದೆ. ಕಾಡು ಇಳಿದು ನೀರಿಗೆ ಸೇರುವ ದಡ, ನಡುವೆ ನಡುಗಡ್ಡೆಗಳು. ಇಲ್ಲಿ ತರಬೇತುದಾರರ ಜೊತೆ, ಲೈಫ್ ಜಾಕೆಟ್ ತೊಟ್ಟು, ತೆಪ್ಪ ಮತ್ತು ಕಯಾಕ್ ನಡೆಸಿ, ಡೇರೆಯಲ್ಲಿ ಮಲಗುವ ಶಿಬಿರಗಳು ಬಹಳ ವರ್ಷಗಳಿಂದ ನಡೆದಿವೆ.

ಮೊದಲ ಸಲ ನೋಡಿದವರಿಗೆ ಆ ದಡ ಖಾಲಿಯಾಗಿ ಕಾಣುತ್ತದೆ. ಆದರೆ ಅದು ಖಾಲಿ ಜಾಗವಲ್ಲ. ಆ ನೀರಿನ ಕೆಳಗೆ ಗದ್ದೆ, ತೋಟ, ಮನೆ, ದೇವಸ್ಥಾನ, ರಸ್ತೆಗಳಿದ್ದವು. 1948ರಲ್ಲಿ ಮುಗಿದ ಹಿರೇಭಾಸ್ಕರ ಎಂಬ ಹಳೆಯ ಅಣೆಕಟ್ಟೂ ಅದರೊಳಗೆ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ಗೋಡೆ ಎದ್ದು ಕಾಣುತ್ತದೆ. ನಾಡಿಗೆ ವಿದ್ಯುತ್ತು ಸಿಗಲೆಂದು ಮನೆ ಬಿಟ್ಟು ಎದ್ದವರ ಮಕ್ಕಳು, ಮೊಮ್ಮಕ್ಕಳು ತಮಗೆ ಸಿಕ್ಕ ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಹೋರಾಡುತ್ತಿದ್ದಾರೆ. ತುಮರಿ ಕಡೆಯವರು 2025ರಲ್ಲಿ ಸೇತುವೆ ತೆರೆಯುವವರೆಗೆ ಪೇಟೆಗೆ, ಆಸ್ಪತ್ರೆಗೆ ಲಾಂಚಿನಲ್ಲೇ ದಾಟಬೇಕಿತ್ತು. ನಾವು ಒಂದು ರಾತ್ರಿಯ ಸಂತೋಷಕ್ಕೆ ಹೋಗುವ ದಡ ಬೇರೊಬ್ಬರ ಕಷ್ಟದ ಚರಿತ್ರೆ. ಇದು ತಿಳಿದಿದ್ದರೆ ನಮ್ಮ ನಡವಳಿಕೆ ತಾನಾಗಿ ಬದಲಾಗುತ್ತದೆ.

ಕಾನೂನಿನ ಮಾತೂ ಇದೆ. ಈ ಹಿನ್ನೀರಿನ ಸುತ್ತಲಿನ ದೊಡ್ಡ ಭಾಗವನ್ನು 1972ರಲ್ಲಿ ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯ ಎಂದು ಘೋಷಿಸಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಪ್ರವೇಶಿಸಲು, ತಂಗಲು ಅನುಮತಿ ಬೇಕು. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ. "ಯಾರೂ ಕೇಳಲಿಲ್ಲ" ಎಂಬುದು ಅನುಮತಿಯಲ್ಲ. ಆದ್ದರಿಂದ ನಿಯಮ ಸರಳ: ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ, ಅನುಮತಿ ಪಡೆದ ಸಾಹಸ ಶಿಬಿರ, ಅಥವಾ ಜಮೀನಿನ ಮಾಲೀಕರು ಒಪ್ಪಿದ ಖಾಸಗಿ ಜಾಗ, ಈ ಮೂರರಲ್ಲಿ ಒಂದಾಗಿರಬೇಕು. ಹತ್ತಿರದ ಗ್ರಾಮ ಪಂಚಾಯಿತಿಯವರಿಗೆ ಅಥವಾ ಠಾಣೆಗೆ ಒಂದು ಮಾತು ತಿಳಿಸಿದ್ದರೆ, ರಾತ್ರಿ ಏನಾದರೂ ಆದಾಗ ನೀವು ಅಪರಿಚಿತರಾಗಿರುವುದಿಲ್ಲ.

ಕಾಲ ಯಾವುದು?

ನಿಮ್ಮ ಪರೀಕ್ಷೆ ಮುಗಿಯುವುದು ಮಾರ್ಚ್ ತಿಂಗಳಿನಲ್ಲಿ. ಮಲೆನಾಡಿನ ಕಾಡಂಚಿನಲ್ಲಿ ಮಲಗಲು ಅದು ಒಳ್ಳೆಯ ಕಾಲವಲ್ಲ. ಕಾರಣ ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಅಲ್ಲಿ ಗುರುತಿಸಿದ ವೈರಸ್ಸಿನಿಂದ ಬರುವ ರೋಗಕ್ಕೆ ಇಂದಿಗೂ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ರೋಗ ಎಂದೇ ಹೆಸರು. ಇದನ್ನು ಹರಡುವುದು ಉಣ್ಣೆ, ಅಂದರೆ ಉಣುಗು. ಮಳೆ ನಿಂತ ಮೇಲೆ ಅದರ ಎಳೆಯ ಹಂತದ ಹುಳುಗಳು ಒಣ ಎಲೆಗಳ ನಡುವೆ ಹೆಚ್ಚುತ್ತವೆ. ಅವು ಎಳ್ಳಿನ ಕಾಳಿಗಿಂತ ಚಿಕ್ಕವು, ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಆದ್ದರಿಂದ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ರೋಗ ಹೆಚ್ಚು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜೋರಾದ ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ಆಸ್ಪತ್ರೆಯ ಆರೈಕೆಯೇ ಚಿಕಿತ್ಸೆ. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ರೋಗ ಹರಡಿ ಹಲವರು ಪ್ರಾಣ ಕಳೆದುಕೊಂಡರು. ಅವರು ವಿಹಾರಕ್ಕೆ ಬಂದವರಲ್ಲ, ಸೊಪ್ಪು, ದರಗು, ಸೌದೆಗಾಗಿ ದಿನವೂ ಕಾಡಿಗೆ ಹೋಗಲೇಬೇಕಾದ ಊರಿನವರು.

ಇದರಿಂದ ನಮಗೆ ಸಿಗುವ ಪಾಠ ಮೂರು. ಒಂದು, ಡಿಸೆಂಬರ್‌ನಿಂದ ಮೇ ನಡುವೆ ಹೋಗುವುದಾದರೆ ಮೊದಲು ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಹೋಗಬೇಡಿ. ಎರಡು, ಮೆತ್ತಗಿರುತ್ತದೆಂದು ಒಣ ಎಲೆ ಗುಡ್ಡೆ ಹಾಕಿ ಅದರ ಮೇಲೆ ಡೇರೆ ಹಾಕಬೇಡಿ. ಉಣ್ಣೆಗಳ ಮನೆಯೇ ಅದು. ತೋಳು ಕಾಲು ಮುಚ್ಚುವ ತಿಳಿ ಬಣ್ಣದ ಬಟ್ಟೆ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮೂರು, ಮರಳಿ ಬಂದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರ ಬಳಿ "ನಾನು ಮಲೆನಾಡಿನ ಕಾಡಿನಲ್ಲಿ ಮಲಗಿದ್ದೆ" ಎಂದು ನೀವಾಗಿಯೇ ಹೇಳಿ. ಬೈಗುಳದ ಭಯದಿಂದ ಮನೆಯಲ್ಲಿ ಮುಚ್ಚಿಟ್ಟರೆ ರೋಗ ಪತ್ತೆಯಾಗುವುದು ತಡವಾಗುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇನ್ನೊಂದು ಅಪಾಯ ಮುಂಗಾರು ಪೂರ್ವದ ಸಿಡಿಲು. ಬಟ್ಟೆಯ ಡೇರೆ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುತ್ತದೆ. ಮಿಂಚು ಕಂಡ ಕೂಡಲೇ ಎಣಿಸಲು ತೊಡಗಿ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ತಕ್ಷಣ ನೀರು ಬಿಟ್ಟು, ಒಂಟಿ ಮರ ಬಿಟ್ಟು, ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಅಂಥ ಆಸರೆ ಹತ್ತಿರದಲ್ಲಿ ಇಲ್ಲದ ಕಡೆ ಆ ತಿಂಗಳುಗಳಲ್ಲಿ ಡೇರೆ ಹಾಕದಿರುವುದೇ ಲೇಸು.

ನನ್ನನ್ನು ಕೇಳಿದರೆ, ಮಳೆ ಹಿಂದೆ ಸರಿದು ಜಲಾಶಯ ತುಂಬಿರುವ, ಕಾಡು ಇನ್ನೂ ಹಸಿರಾಗಿರುವ ದಸರಾ ರಜೆಯ ಕೊನೆಯ ದಿನಗಳಿಂದ ನವೆಂಬರ್‌ವರೆಗಿನ ಅವಧಿ ಚೆನ್ನ. ಇಂಬಳದ ಕಾಟ ಸ್ವಲ್ಪ ಇರುತ್ತದೆ. ಕಾಲುಚೀಲಕ್ಕೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಸವರಿಕೊಂಡರೆ ಸಾಕು. ಇಂಬಳ ಕಚ್ಚಿದರೆ ರಕ್ತ ಸೋರುತ್ತದೆ, ಭಯ ಬೇಡ.

ಡೇರೆಯೊಳಗೆ ಮಳೆ ಬಂದದ್ದು ಹೇಗೆ?

ನಾನು ಮೊದಲ ಸಲ ಕೆರೆಯ ದಡದಲ್ಲಿ ಮಲಗಿದ್ದು ಕಾಲೇಜಿನ ದಿನಗಳಲ್ಲಿ. ಮೂವರು ಒಂದೇ ಡೇರೆಯಲ್ಲಿದ್ದೆವು. ಚಳಿಯೆಂದು ಕಿಟಕಿ, ಬಾಗಿಲುಗಳ ಜಿಪ್ಪನ್ನೆಲ್ಲ ಪೂರ್ತಿ ಎಳೆದುಕೊಂಡೆವು. ನಡುರಾತ್ರಿ ಮುಖದ ಮೇಲೆ ಹನಿ ಬಿತ್ತು. ಹೊರಗೆ ಬಂದು ನೋಡಿದರೆ ಆಕಾಶದ ತುಂಬ ನಕ್ಷತ್ರ, ಮಳೆಯ ಸುಳಿವೇ ಇಲ್ಲ. ಡೇರೆ ಬಾಡಿಗೆ ಕೊಟ್ಟವನನ್ನು ಬೈದುಕೊಂಡು ಬೆಳಗಿನವರೆಗೆ ಮುದುರಿ ಕೂತೆವು.

ತಪ್ಪು ಡೇರೆಯದಲ್ಲ, ನಮ್ಮದು. ಉಸಿರು ಮತ್ತು ಚರ್ಮದ ಮೂಲಕ ಒಬ್ಬ ಮನುಷ್ಯ ಎಂಟು ಗಂಟೆಯಲ್ಲಿ ಸುಮಾರು ಕಾಲು ಲೀಟರ್ ನೀರನ್ನು ಆವಿಯಾಗಿ ಬಿಡುತ್ತಾನೆ. ಮೂವರಿಂದ ಮುಕ್ಕಾಲು ಲೀಟರ್. ಮೋಡವಿಲ್ಲದ ರಾತ್ರಿ ಡೇರೆಯ ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಬೇಗ ತಣಿಯುತ್ತದೆ. ಕೆರೆಯ ಪಕ್ಕದ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು. ಬಟ್ಟೆಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದ ಕೂಡಲೇ ಆವಿ ನೀರಾಗಿ ಒಳಗೋಡೆಗೆ ಅಂಟುತ್ತದೆ. ತಣ್ಣನೆಯ ಶರಬತ್ತಿನ ಲೋಟ ಹೊರಗೆ ಬೆವರುವುದೂ ಇದೇ ತತ್ವದಿಂದ.

ಪರಿಹಾರವೂ ಇದರಲ್ಲೇ ಇದೆ. ಒಳ್ಳೆಯ ಡೇರೆಗೆ ಎರಡು ಪದರ ಇರುತ್ತದೆ: ಒಳಗೆ ಗಾಳಿಯಾಡುವ ಜಾಲರಿ, ಹೊರಗೆ ನೀರು ತಡೆಯುವ ಹೊದಿಕೆ. ಎರಡರ ನಡುವೆ ಒಂದು ಗೇಣಾದರೂ ಅಂತರ ಇರುವಂತೆ ಹೊರ ಹೊದಿಕೆಯ ಹಗ್ಗಗಳನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಮೇಲಿನ ಗಾಳಿಕಿಂಡಿಗಳನ್ನು ಚಳಿಯಿದ್ದರೂ ತೆರೆದಿಡಬೇಕು. ಮರದ ಕೆಳಗೆ ಡೇರೆ ಹಾಕಿದರೆ ಇಬ್ಬನಿ ಕಡಿಮೆ, ಏಕೆಂದರೆ ಎಲೆಗಳ ಛಾವಣಿ ಶಾಖ ಆಕಾಶಕ್ಕೆ ಹೋಗದಂತೆ ತಡೆಯುತ್ತದೆ. ಆದರೆ ಮೇಲೆ ಒಣಗಿದ ಕೊಂಬೆ ಇಲ್ಲವೆಂದು ತಲೆಯೆತ್ತಿ ನೋಡಿಕೊಳ್ಳುವುದನ್ನು ಮರೆಯಬೇಡಿ.

ಅಂಗಡಿಯಲ್ಲಿ ಡೇರೆಯ ಮೇಲೆ 2000 ಮಿಲಿಮೀಟರ್, 3000 ಮಿಲಿಮೀಟರ್ ಎಂದು ಬರೆದಿರುತ್ತಾರೆ. ಅದು ಮಳೆಯ ಅಳತೆಯಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಜಿನುಗದು ಎಂದು ಅರ್ಥ. ದ್ರವದ ಒತ್ತಡ ಎತ್ತರಕ್ಕೆ ಅನುಪಾತದಲ್ಲಿರುತ್ತದೆ ಎಂದು ನೀವು ಓದಿದ್ದೀರಲ್ಲ, ಅದೇ. ನೆಲದ ಹಾಸಿಗೆ ಈ ಸಂಖ್ಯೆ ಹೆಚ್ಚಿರಬೇಕು, ಏಕೆಂದರೆ ನಿಮ್ಮ ಮೊಣಕಾಲು, ಮೊಣಕೈಗಳ ಒತ್ತಡ ಅಲ್ಲಿ ಬೀಳುತ್ತದೆ. ಇನ್ನು ಮೂವರ ಡೇರೆ ಎಂದು ಬರೆದಿದ್ದರೆ ಇಬ್ಬರು ಮತ್ತು ಅವರ ಚೀಲಗಳು ಎಂದು ಓದಿಕೊಳ್ಳಿ.

ಚಳಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಎಲ್ಲರೂ ದಪ್ಪ ಕಂಬಳಿ ಹೊರುತ್ತಾರೆ, ಕೆಳಗೆ ಹಾಸಲು ತೆಳ್ಳನೆಯ ಜಮಖಾನ ಒಯ್ಯುತ್ತಾರೆ. ಗಾಳಿ ಶಾಖದ ಮಂದ ವಾಹಕ, ನೆಲ ಹಾಗಲ್ಲ. ಮೈಯ ಕೆಳಗೆ ಒತ್ತಿಹೋದ ಕಂಬಳಿಯಲ್ಲಿ ಗಾಳಿಯೂ ಉಳಿಯುವುದಿಲ್ಲ. ಆದ್ದರಿಂದ ಹೊದಿಕೆಗಿಂತ ಹಾಸಿಗೆ ಮುಖ್ಯ. ಯೋಗಕ್ಕೆ ಬಳಸುವ ಫೋಮ್ ಚಾಪೆ ಎರಡು ಒಂದರ ಮೇಲೊಂದು ಹಾಕಿದರೂ ಸಾಕು.

ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಚಿತ್ರಗಳಲ್ಲಿ ಡೇರೆ ನೀರಿಗೆ ತಾಗಿಯೇ ಇರುತ್ತದೆ. ನಿಜದಲ್ಲಿ ನೀರಿನ ಅಂಚಿನಿಂದ ಕನಿಷ್ಠ 60 ಮೀಟರ್, ಅಂದರೆ ದೊಡ್ಡವರ ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಇರಬೇಕು. ಇದಕ್ಕೆ ಹಲವು ಕಾರಣಗಳಿವೆ. ರಾತ್ರಿ ನೀರು ಕುಡಿಯಲು ಪ್ರಾಣಿಗಳು ಬರುತ್ತವೆ, ಅವುಗಳ ದಾರಿಗೆ ನಾವು ಅಡ್ಡವಾಗಬಾರದು. ದಡದ ಕೆಸರಿನಲ್ಲಿ ಗೊರಸಿನ, ಪಂಜದ ಗುರುತುಗಳಿದ್ದರೆ ಅದು ಬಾಗಿಲೆಂದೇ ತಿಳಿದು ದೂರ ಸರಿಯಿರಿ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿದು ನಿಲ್ಲುತ್ತದೆ. ದಡಕ್ಕಿಂತ ಸ್ವಲ್ಪ ಮೇಲಿನ ತಟ್ಟು ಜಾಗ ಬೆಚ್ಚಗಿರುತ್ತದೆ, ಮಳೆ ಬಂದರೆ ನೀರೂ ನಿಲ್ಲುವುದಿಲ್ಲ. ನಮ್ಮ ಕೊಳೆ ಕೆರೆಗೆ ಸೇರದಿರಲಿಕ್ಕೂ ಈ ಅಂತರ ಬೇಕು.

ಅಣೆಕಟ್ಟಿನ ಕೆಳಗಿನ ನದಿಪಾತ್ರದಲ್ಲಿ, ಎಷ್ಟೇ ಒಣಗಿರಲಿ, ಯಾವ ಕಾಲಕ್ಕೂ ಡೇರೆ ಹಾಕಬೇಡಿ. ಅಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು ಮಳೆಯಲ್ಲ, ವಿದ್ಯುತ್ ಬೇಡಿಕೆ. ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುವುದೇ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ಬೆಳಿಗ್ಗೆ ಬಂಡೆಯಾಗಿದ್ದದ್ದು ಮಧ್ಯಾಹ್ನ ಹೊಳೆಯಾಗುತ್ತದೆ.

ಹಾವುಗಳಿಗೆ ನಿಮ್ಮ ಮೇಲೆ ಆಸಕ್ತಿಯಿಲ್ಲ, ಆದರೆ ನಿಮ್ಮ ಊಟ ಚೆಲ್ಲಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೆಜ್ಜೆಯಿಡಬೇಡಿ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗ ಅಲುಗದಂತೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಆ ಆಸ್ಪತ್ರೆ ಎಲ್ಲಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು.

ನೀರು: ಅತಿ ದೊಡ್ಡ ಅಪಾಯ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕೆರೆ ದಡದ ಶಿಬಿರದಲ್ಲಿ ಹುಲಿ, ಹಾವುಗಳಿಗಿಂತ ನಮ್ಮ ವಯಸ್ಸಿನ ಮಕ್ಕಳ ಪ್ರಾಣ ತೆಗೆಯುವುದು ನೀರು.

ಹಿನ್ನೀರು ಈಜುಕೊಳವಲ್ಲ. ಅದರ ತಳ ಒಂದು ಕಾಲದ ಗುಡ್ಡ, ಗದ್ದೆ, ರಸ್ತೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿರುವಾಗ ಹಳೆಯ ಗದ್ದೆಯ ಬದು ಮುಗಿದು, ಮುಂದಿನ ಹೆಜ್ಜೆ ಆಳಕ್ಕೆ ಬೀಳಬಹುದು. ಕಾಡನ್ನು ಮುಳುಗಿಸಿದ್ದರಿಂದ ಮರದ ಬೊಡ್ಡೆಗಳು ನೀರಿನೊಳಗೆ ಹಾಗೇ ಇವೆ. ಮೇಲಿನಿಂದ ಧುಮುಕಿದವರ ತಲೆಗೆ, ಕಾಲಿಗೆ ಅವು ಸಿಗುತ್ತವೆ. ಹೂಳು ತುಂಬಿದ ಕಡೆ ಪಾದ ಹೂತುಹೋಗುತ್ತದೆ. ಮೇಲೆ ಬೆಚ್ಚಗಿರುವ ನೀರು ಕೆಳಗೆ ತಣ್ಣಗಿರುತ್ತದೆ. ಮೈ ಒಮ್ಮೆಲೇ ತಣಿದಾಗ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆ ಕ್ಷಣ ಬಾಯಿ ನೀರಿನೊಳಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ನನ್ನ ಜೊತೆ ಬಂದಿದ್ದ ಗೆಳೆಯನೊಬ್ಬ, ಚೆನ್ನಾಗಿ ಈಜು ಬಲ್ಲವನು, ಪಾತ್ರೆ ತೊಳೆಯಲು ನೀರಿಗಿಳಿದ. ತೇಲಿಹೋದ ಒಂದು ಮುಚ್ಚಳದ ಹಿಂದೆ ನಾಲ್ಕು ಹೆಜ್ಜೆ ಹೋದ, ಅಷ್ಟೇ. ಕೂಗಲಿಲ್ಲ. ಮುಳುಗುವವರು ಸಿನಿಮಾದಂತೆ ಕೈಬೀಸಿ ಕೂಗುವುದಿಲ್ಲ, ಉಸಿರಾಡಲೇ ಆಗದಿದ್ದಾಗ ಕೂಗುವುದೆಲ್ಲಿಂದ? ನಮ್ಮಲ್ಲಿ ಇಬ್ಬರು ಅವನ ಹಿಂದೆ ಹಾರಲು ಹೊರಟರು. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯರು ಅವರಿಬ್ಬರನ್ನೂ ಗದರಿಸಿ ನಿಲ್ಲಿಸಿ, ಹಗ್ಗ ಕಟ್ಟಿದ ಖಾಲಿ ಕ್ಯಾನ್ ಒಂದನ್ನು ಎಸೆದರು. ಅವನು ಅದನ್ನು ಅಪ್ಪಿಕೊಂಡ, ಎಳೆದುಕೊಂಡೆವು. ಅಂದು ಅವರು ಅಲ್ಲಿ ಇರದಿದ್ದರೆ ಒಬ್ಬನಲ್ಲ, ಮೂವರ ಮನೆಗೆ ಸುದ್ದಿ ಹೋಗುತ್ತಿತ್ತು.

ಆ ಕ್ಯಾನ್ ಹೇಗೆ ಕೆಲಸ ಮಾಡಿತು? ಐದು ಲೀಟರಿನ ಮುಚ್ಚಿದ ಖಾಲಿ ಕ್ಯಾನ್ ನೀರಿನಲ್ಲಿ ಸುಮಾರು 49 ನ್ಯೂಟನ್‌ನಷ್ಟು ಮೇಲ್ಮುಖ ಬಲ ಕೊಡುತ್ತದೆ. ಆರ್ಕಿಮಿಡೀಸ್ ತತ್ವದಂತೆ ಲೆಕ್ಕ ಹಾಕಿ ನೋಡಿ. ನಮ್ಮ ದೇಹದ ತೂಕದ ಬಹುಪಾಲನ್ನು ನೀರೇ ಹೊರುವುದರಿಂದ, ತಲೆ ಮೇಲಿಡಲು ಇಷ್ಟು ಬಲ ಸಾಕು. ಆದ್ದರಿಂದ ನಿಮ್ಮ ಶಿಬಿರದಲ್ಲಿ ನೀರಿನ ಹತ್ತಿರ ಯಾವಾಗಲೂ ಹಗ್ಗ ಕಟ್ಟಿದ ಒಂದು ಖಾಲಿ ಕ್ಯಾನ್ ಇರಲಿ. ಯಾರಾದರೂ ಮುಳುಗುತ್ತಿದ್ದರೆ ಕ್ರಮ ಇದು: ಮೊದಲು ಕೋಲು ಚಾಚಿ, ಎಟುಕದಿದ್ದರೆ ತೇಲುವ ವಸ್ತು ಎಸೆಯಿರಿ, ಕೂಗಿ ಜನರನ್ನು ಕರೆಯಿರಿ. ತರಬೇತಿಯಿಲ್ಲದೆ ನೀವು ನೀರಿಗಿಳಿಯಬೇಡಿ. ಮುಳುಗುವವನು ಕೈಗೆ ಸಿಕ್ಕವರನ್ನು ಕೆಳಕ್ಕೆ ಒತ್ತಿ ತಾನು ಮೇಲೇರಲು ನೋಡುತ್ತಾನೆ. ಅದು ಅವನ ತಪ್ಪಲ್ಲ, ದೇಹದ ಸ್ವಭಾವ. ಇನ್ನು ತೆಪ್ಪ, ದೋಣಿ ಏರುವುದಾದರೆ ಲೈಫ್ ಜಾಕೆಟ್ಟಿನ ಬಕಲ್ ಹಾಕಿಯೇ ಏರಬೇಕು. ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಬಿಚ್ಚುವವರನ್ನು ದಡದಲ್ಲೇ ಬಿಟ್ಟುಬಿಡಿ.

ಕುಡಿಯುವ ನೀರಿನ ವಿಷಯ ಬೇಗ ಹೇಳಿಬಿಡುತ್ತೇನೆ. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಒಂದು ರಾತ್ರಿಗಾದರೆ ಮನೆಯಿಂದಲೇ ತಲೆಗೆ ನಾಲ್ಕು ಲೀಟರ್ ಒಯ್ಯುವುದು ಇನ್ನೂ ಸುಲಭ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿ, ಇಲಿ ಜ್ವರ ಗಾಯದ ಮೂಲಕ ಬರಬಹುದು.

ಬೆಂಕಿ, ಹೊಗೆ, ಕಸ

ಶಿಬಿರದ ಬೆಂಕಿ ಎಲ್ಲರಿಗೂ ಇಷ್ಟ. ಅಭಯಾರಣ್ಯದಲ್ಲಿ ಅದು ಬೇಡವೇ ಬೇಡ. ಅನುಮತಿ ಇರುವ ಕಡೆ ಮೊದಲೇ ಬೆಂಕಿ ಹಾಕಿ ಕಪ್ಪಾಗಿರುವ ಜಾಗದಲ್ಲೇ, ಮಣಿಕಟ್ಟಿಗಿಂತ ದಪ್ಪವಲ್ಲದ ಬಿದ್ದ ಕಡ್ಡಿಗಳಿಂದ ಸಣ್ಣದಾಗಿ ಹಾಕಿ. ಆರಿಸುವಾಗ ನೀರು ಸುರಿದು, ಕಲಸಿ, ಮತ್ತೆ ಸುರಿದು, ಕೈಯಿಟ್ಟು ನೋಡಿ. ಬಿಸಿ ತಾಗಿದರೆ ಇನ್ನೂ ಆರಿಲ್ಲ. ಅಡುಗೆಗೆ ಸಣ್ಣ ಗ್ಯಾಸ್ ಒಲೆ ಸಾಕು.

ಒಲೆಯಾಗಲಿ, ಕೆಂಡದ ಬಾಣಲೆಯಾಗಲಿ ಡೇರೆಯೊಳಗೆ ಎಂದೂ ತರಬೇಡಿ. ಅರೆ ಉರಿದ ಇಂಧನದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಉತ್ತರ ಭಾರತದ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿ ಸತ್ತವರ ಸುದ್ದಿ ನೀವು ಓದಿರುತ್ತೀರಿ, ಕಾರಣ ಇದೇ.

ಶೌಚಕ್ಕೆ ಶಿಬಿರದಲ್ಲಿ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನೀರಿನಿಂದ 60 ಮೀಟರ್‌ಗಿಂತ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮುಚ್ಚಬೇಕು. ಮೇಲಿನ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿರುವುದರಿಂದ ಈ ಆಳದಲ್ಲೇ ಬೇಗ ಕೊಳೆಯುತ್ತದೆ. ಸೋಪು, ಶಾಂಪೂ ಕೆರೆಗೆ ಹಾಕಬೇಡಿ. ಬಕೆಟ್ಟಿನಲ್ಲಿ ನೀರು ತಂದು ದೂರದಲ್ಲಿ ತೊಳೆಯಿರಿ. ಒಯ್ದ ಕಸವನ್ನೆಲ್ಲ ವಾಪಸು ತನ್ನಿ. ಪ್ಲಾಸ್ಟಿಕ್ ಕವರಿನ ಉಪ್ಪಿನ ರುಚಿಗೆ ದನ, ಜಿಂಕೆಗಳು ಅದನ್ನು ನುಂಗುತ್ತವೆ.

ಶಬ್ದವೂ ಕಸವೇ. ನಿಂತ ನೀರು ಶಬ್ದವನ್ನು ಹೀರಿಕೊಳ್ಳುವುದಿಲ್ಲ, ಕನ್ನಡಿಯಂತೆ ಹಿಂದಿರುಗಿಸುತ್ತದೆ. ಗಾಳಿ ನಿಂತ ಸಂಜೆ, ಕೆಳಗೆ ತಂಪು ಗಾಳಿ ಮೇಲೆ ಬೆಚ್ಚನೆಯ ಗಾಳಿ ಇದ್ದಾಗ, ಶಬ್ದದ ಅಲೆಗಳು ಮೇಲೆ ಹೋಗದೆ ಕೆಳಕ್ಕೆ ಬಾಗುತ್ತವೆ. ಈ ದಡದ ಸ್ಪೀಕರಿನ ಹಾಡು ಆ ದಡದ ಮನೆಯಲ್ಲಿ ಮಲಗಿದ ಮಗುವಿನ ಕಿವಿಗೆ ಬೀಳುತ್ತದೆ. ಸ್ಪೀಕರ್ ಮನೆಯಲ್ಲೇ ಇರಲಿ.

ಹೊರಡುವ ಮುನ್ನ

ಮನೆಯವರಿಗೆ ಜಾಗ, ಜೊತೆಗಾರರ ಹೆಸರು, ಮರಳುವ ಸಮಯ ಬರೆದುಕೊಡಿ. ಅನುಭವವಿರುವ ಒಬ್ಬ ಹಿರಿಯರು ಜೊತೆಗಿರಲಿ. ಹಿನ್ನೀರಿನ ಬಹಳ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ತುರ್ತು ಸಂಖ್ಯೆ 112 ಮತ್ತು 108 ನೆನಪಿದ್ದರಷ್ಟೇ ಸಾಲದು, ಎಲ್ಲಿ ನಿಂತರೆ ಸಿಗ್ನಲ್ ಬರುತ್ತದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಹೊಸ ಡೇರೆಯನ್ನು ಮೊದಲು ಮನೆಯ ಅಂಗಳದಲ್ಲೋ ತಾರಸಿಯಲ್ಲೋ ಒಮ್ಮೆ ಹಾಕಿ ಬಿಚ್ಚಿ. ಕತ್ತಲಲ್ಲಿ, ಗಾಳಿಯಲ್ಲಿ ಮೊದಲ ಸಲ ಕಲಿಯುವುದು ಕಷ್ಟ. ಟಾರ್ಚ್, ಶಿಳ್ಳೆ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಣ ಬಟ್ಟೆಯ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ, ಇವಿಷ್ಟು ಇದ್ದರೆ ಉಳಿದದ್ದೆಲ್ಲ ಅನುಕೂಲವಷ್ಟೇ.

ಇಷ್ಟೆಲ್ಲ ಓದಿ, ಹೋಗುವುದೇ ಬೇಡ ಎಂದು ನಿಮಗೆ ಅನಿಸಿರಬಹುದು. ನನ್ನ ಉದ್ದೇಶ ಅದಲ್ಲ. ಊರಿನ ಬೆಳಕು ಕಾಣದ ದಡದಲ್ಲಿ ಕೂತು ಆಕಾಶ ನೋಡಿದವರಿಗೆ ಪುಸ್ತಕದ ಕ್ಷೀರಪಥ ನಿಜವಾಗುತ್ತದೆ. ಬೆಳಗಿನ ಜಾವ ನೀರಿನ ಮೇಲಿನಿಂದ ಮಂಜು ಏಳುವಾಗ, ಎಲ್ಲಿಂದಲೋ ಒಂದು ಸಿಳ್ಳಾರ ಹಕ್ಕಿ ಶಿಳ್ಳೆ ಹಾಕುತ್ತದೆ. ಆ ಹೊತ್ತಿನಲ್ಲಿ ಗೆಳೆಯರ ನಡುವೆ ಆಗುವ ಮಾತು ತರಗತಿಯಲ್ಲಿ ಆಗುವುದಿಲ್ಲ. ಅಡುಗೆ ಮಾಡಲು, ಪಾತ್ರೆ ತೊಳೆಯಲು, ಸೋಮಾರಿ ಗೆಳೆಯನನ್ನು ಸಹಿಸಲು, ತಾಯಿ ದಿನವೂ ಮನೆಯಲ್ಲಿ ಎಷ್ಟು ಕೆಲಸ ಮಾಡುತ್ತಾರೆಂದು ತಿಳಿಯಲು ಒಂದು ರಾತ್ರಿಯ ಡೇರೆ ಸಾಕು.

ಆದ್ದರಿಂದ ಪರೀಕ್ಷೆ ಮುಗಿದ ಮರುದಿನ ಬೈಕ್ ಏರಿ ಹೊರಡಬೇಡಿ. ದಸರಾ ರಜೆಯವರೆಗೆ ಕಾಯಿರಿ. ಅಷ್ಟರಲ್ಲಿ ಅನುಮತಿ ಪತ್ರ ಸಿದ್ಧಮಾಡಿ, ಹಗ್ಗಕ್ಕೆ ಕ್ಯಾನ್ ಕಟ್ಟಿ, ಮನೆಯವರನ್ನು ಒಪ್ಪಿಸಿ. ಆಮೇಲೆ ಬಂದು ಕೇಳಿದರೆ, ಜೊತೆಗೆ ಬರುವ ಹಿರಿಯರು ಯಾರು ಎಂಬ ಪ್ರಶ್ನೆಗೆ ಉತ್ತರ ನಾನೇ ಆಗಬಹುದು. ನನ್ನ ಎರಡು ಫೋಮ್ ಚಾಪೆ ಇನ್ನೂ ಗಟ್ಟಿಯಾಗಿವೆ.